ಹಾಸಿಗೆಗೆ ತಕ್ಕಂತೆ ಕಾಲು ಕತ್ತರಿಸಿದವನು

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ನಮ್ಮ ಹಿರಿಯರ ಮಾತು. ಹಾಸಿಗೆ ಗಿಡ್ಡವಾದರೆ ಕಾಲು ಮಡಚಿಕೊಂಡರಾಯಿತು. ಆದರೆ ಕಾಲನ್ನೇ ಕತ್ತರಿಸಿ ಹಾಸಿಗೆಗೆ ಸರಿಮಾಡುವವನೊಬ್ಬ ಗ್ರೀಕರ ಪುರಾಣದಲ್ಲಿದ್ದಾನೆ. ಅವನ ಹೆಸರಿನಿಂದ ಇಂಗ್ಲಿಷಿಗೆ ಬಂದ ಗುಣವಾಚಕವೇ ‘ಪ್ರೊಕ್ರಸ್ಟಿಯನ್’.

ಅಥೆನ್ಸ್ ನಗರಕ್ಕೆ ಹೋಗುವ ದಾರಿಯಲ್ಲಿ ಪ್ರೊಕ್ರಸ್ಟೀಸ್ ಎಂಬ ದರೋಡೆಕೋರನಿದ್ದ. ದಾರಿಹೋಕರನ್ನು ಕರೆದು ತನ್ನ ಮಂಚದ ಮೇಲೆ ಮಲಗಿಸುತ್ತಿದ್ದ. ಮಂಚಕ್ಕಿಂತ ಉದ್ದವಿದ್ದವರ ಕಾಲು ಕತ್ತರಿಸುತ್ತಿದ್ದ. ಗಿಡ್ಡವಿದ್ದವರನ್ನು ಬಡಿದು, ಎಳೆದು ಉದ್ದಮಾಡುತ್ತಿದ್ದ. ಅವನ ಬಳಿ ಎರಡು ಮಂಚಗಳಿದ್ದವೆಂದೂ, ಉದ್ದನೆಯವರಿಗೆ ಬೇಕೆಂದೇ ಚಿಕ್ಕದನ್ನು, ಗಿಡ್ಡನೆಯವರಿಗೆ ದೊಡ್ಡದನ್ನು ಕೊಡುತ್ತಿದ್ದನೆಂದೂ ಇನ್ನೊಂದು ಕಥೆ ಹೇಳುತ್ತದೆ. ಅಂದರೆ ಯಾರೂ ಪಾರಾಗುವಂತಿರಲಿಲ್ಲ! ಕೊನೆಗೆ ವೀರ ಥೀಸಿಯಸ್ ಅವನನ್ನು ಅವನದೇ ಮಂಚದ ಅಳತೆಗೆ ತಂದು ಮುಗಿಸಿದ.

ಒಂದೊಂದೂ ಬೇರೆಯಾಗಿರುವ ಸಂಗತಿಗಳನ್ನು ಬಲವಂತದಿಂದ ಒಂದೇ ಅಳತೆಗೆ ತರುವ ನಿಯಮ, ಪದ್ಧತಿ ಅಥವಾ ವಾದವನ್ನು ‘ಪ್ರೊಕ್ರಸ್ಟಿಯನ್’ ಎನ್ನುತ್ತಾರೆ. ‘ಪ್ರೊಕ್ರಸ್ಟಿಯನ್ ಬೆಡ್’ ಎಂಬ ಜೋಡಿಪದವೂ ಬಳಕೆಯಲ್ಲಿದೆ. ಉಚ್ಚರಿಸುವಾಗ ಒತ್ತು ‘ಕ್ರಸ್’ ಮೇಲೆ ಬೀಳಬೇಕು. ವ್ಯಕ್ತಿನಾಮದಿಂದ ಹುಟ್ಟಿದ್ದರಿಂದ ಮೊದಲಕ್ಷರವನ್ನು ಸಾಮಾನ್ಯವಾಗಿ ದೊಡ್ಡಕ್ಷರದಲ್ಲಿ ಬರೆಯುತ್ತಾರೆ. ಕಾಗುಣಿತ: ಪಿ-ಆರ್-ಒ-ಸಿ-ಆರ್-ಯು-ಎಸ್-ಟಿ-ಇ-ಎ-ಎನ್.

ವಿದ್ಯಾರ್ಥಿಗಳು ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಕಟ್ಟುನಿಟ್ಟಾದುದೆಲ್ಲ ಪ್ರೊಕ್ರಸ್ಟಿಯನ್ ಅಲ್ಲ. ಹತ್ತು ಗಂಟೆಗೆ ಸರಿಯಾಗಿ ಪರೀಕ್ಷೆ ಆರಂಭವೆಂಬುದು ಬರೀ ಶಿಸ್ತು. ಅದಕ್ಕೆ ‘ಸ್ಟ್ರಿಕ್ಟ್’ ಸಾಕು. ಕಣ್ಣು ಕಾಣದ ಹುಡುಗನೂ ಎಲ್ಲರಂತೆ ನಕ್ಷೆ ಬಿಡಿಸಲೇಬೇಕೆಂದರೆ ಅದು ಪ್ರೊಕ್ರಸ್ಟಿಯನ್. ಪ್ರಬಂಧದಲ್ಲಿ, ಮೊದಲೇ ಮಾಡಿಕೊಂಡ ತೀರ್ಮಾನಕ್ಕೆ ಹೊಂದದ ಅಂಶಗಳನ್ನು ಕತ್ತರಿಸಿಬಿಟ್ಟರೆ ಅದೂ ಪ್ರೊಕ್ರಸ್ಟಿಯನ್ ವಾದವೇ. ಈ ಪದವನ್ನು ಯಾರೂ ಹೊಗಳಿಕೆಗೆ ಬಳಸುವುದಿಲ್ಲ.

ತಂದೆತಾಯಿಯರೂ ಈ ಪದವನ್ನು ನೆನಪಿನಲ್ಲಿಡುವುದು ಒಳ್ಳೆಯದು. ಅಕ್ಕ ವಿಜ್ಞಾನ ಓದಿ ಮುಂದೆ ಬಂದಳೆಂದು, ಸದಾ ಚಿತ್ರ ಬರೆಯುತ್ತ ಕೂರುವ ತಮ್ಮನನ್ನೂ ವಿಜ್ಞಾನಕ್ಕೇ ಸೇರಿಸುತ್ತೇವೆ. ಪಕ್ಕದ ಮನೆಯ ಹುಡುಗನ ಅಂಕಗಳನ್ನು ಮುಂದಿಟ್ಟು ನಮ್ಮ ಮಗುವನ್ನು ಎಳೆಯುತ್ತೇವೆ. ಎಲ್ಲವೂ ಮಗುವಿನ ಒಳ್ಳೆಯದಕ್ಕೇ ಎಂದುಕೊಂಡಿರುತ್ತೇವೆ. ಪ್ರೊಕ್ರಸ್ಟೀಸನೂ ಕರೆದದ್ದು ಅತಿಥಿಗಳೆಂದೇ ಅಲ್ಲವೇ?

ಹಾಸಿಗೆ ನೋಡಿ ಕಾಲು ಚಾಚುವುದು ವಿವೇಕ. ಬೆಳೆಯುವ ಮಕ್ಕಳಿಗಾದರೋ, ಕಾಲು ನೋಡಿ ಹಾಸಿಗೆ ಹಾಸಬೇಕು.