ಚಾಮರಾಜನಗರ ಜಿಲ್ಲೆಯ ಪ್ರವಾಸಿ ತಾಣಗಳು: ಅರಣ್ಯ, ವನ್ಯಜೀವಿ ಮತ್ತು ಸಾಂಸ್ಕೃತಿಕ ಪರಂಪರೆ

ಕರ್ನಾಟಕದ ದಕ್ಷಿಣ ತುದಿಯಲ್ಲಿರುವ ಚಾಮರಾಜನಗರ ಜಿಲ್ಲೆಯು 1997ರ ಆಗಸ್ಟ್ 15ರಂದು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಅಸ್ತಿತ್ವಕ್ಕೆ ಬಂದಿತು. ಇದರ ದಕ್ಷಿಣಕ್ಕೆ ತಮಿಳುನಾಡು ಮತ್ತು ಕೇರಳ ರಾಜ್ಯಗಳ ಗಡಿಗಳಿವೆ. ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲ ಮತ್ತು ಹನೂರು ಈ ಜಿಲ್ಲೆಯ ತಾಲ್ಲೂಕುಗಳು. ಜಿಲ್ಲೆಯ ಭೂಪ್ರದೇಶದ ಬಹುಭಾಗವು ಅರಣ್ಯದಿಂದ ಆವೃತವಾಗಿದ್ದು, ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟಗಳು ಪರಸ್ಪರ ಸಮೀಪಿಸುವುದು ಇಲ್ಲಿಯೇ ಎಂಬುದು ಇದರ ವೈಶಿಷ್ಟ್ಯ. ಬಂಡೀಪುರ ಮತ್ತು ಬಿಳಿಗಿರಿರಂಗನಾಥಸ್ವಾಮಿ ದೇವಾಲಯ (ಬಿ.ಆರ್.ಟಿ.) ಎಂಬ ಎರಡು ಹುಲಿ ಮೀಸಲು ಪ್ರದೇಶಗಳೂ, ಮಲೆ ಮಹದೇಶ್ವರ ಮತ್ತು ಕಾವೇರಿ ವನ್ಯಜೀವಿಧಾಮಗಳೂ ಈ ಅರಣ್ಯದ ಭಾಗಗಳಾಗಿವೆ.

ಈ ಜಿಲ್ಲೆಯ ಪ್ರವಾಸಿ ತಾಣಗಳು ಕೇವಲ ನೋಟದ ಸ್ಥಳಗಳಲ್ಲ. ಇಲ್ಲಿನ ಬೆಟ್ಟವು ದೇವರ ನೆಲೆ, ಅದೇ ಬೆಟ್ಟದ ಕಾಡು ಆನೆ ಹುಲಿಗಳ ನೆಲೆ, ಅದೇ ಕಾಡಿನ ಪೋಡುಗಳು ಸೋಲಿಗರ ನೆಲೆ. ಆದ್ದರಿಂದ ಪ್ರವಾಸಿಗರಿಗೆ ವಿಧಿಸಲಾಗಿರುವ ಸಮಯ, ಮಾರ್ಗ ಮತ್ತು ನಡವಳಿಕೆಯ ನಿಯಮಗಳ ಹಿಂದೆ ಇರುವ ಕಾರಣಗಳನ್ನು ಸಾರ್ವಜನಿಕರು ಅರಿತು ಪ್ರವಾಸವನ್ನು ಯೋಜಿಸಿಕೊಳ್ಳುವುದು ಅವಶ್ಯಕ. ಆ ಉದ್ದೇಶದಿಂದ ಪ್ರಮುಖ ತಾಣಗಳ ಪರಿಚಯವನ್ನು ಮತ್ತು ಪಾಲಿಸಬೇಕಾದ ಕ್ರಮಗಳನ್ನು ಇಲ್ಲಿ ನೀಡಲಾಗಿದೆ.

ಬಂಡೀಪುರ ರಾಷ್ಟ್ರೀಯ ಉದ್ಯಾನ

ಗುಂಡ್ಲುಪೇಟೆ ತಾಲ್ಲೂಕಿನಲ್ಲಿರುವ ಬಂಡೀಪುರವು ಮೈಸೂರಿನಿಂದ ಸುಮಾರು 80 ಕಿ.ಮೀ. ದೂರದಲ್ಲಿದೆ. ಮೈಸೂರು ಅರಸರ ಕಾಲದಲ್ಲಿ ಇಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವು ಸ್ಥಾಪನೆಯಾಗಿತ್ತು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದಲ್ಲಿ ಮೊದಲು ಆಯ್ಕೆಯಾದ ಒಂಬತ್ತು ಮೀಸಲು ಪ್ರದೇಶಗಳಲ್ಲಿ ಬಂಡೀಪುರವೂ ಒಂದು. ನಾಗರಹೊಳೆ, ತಮಿಳುನಾಡಿನ ಮುದುಮಲೆ ಮತ್ತು ಕೇರಳದ ವಯನಾಡು ಅರಣ್ಯಗಳಿಗೆ ಹೊಂದಿಕೊಂಡಿರುವ ಈ ಕಾಡು, 1986ರಲ್ಲಿ ಘೋಷಿತವಾದ ನೀಲಗಿರಿ ಜೀವಗೋಳ ಮೀಸಲು ಪ್ರದೇಶದ ಅಂಗವಾಗಿದೆ. 2022ರ ಹುಲಿ ಗಣತಿಯಲ್ಲಿ ರಾಜ್ಯದಲ್ಲಿ 563 ಹುಲಿಗಳನ್ನು ಅಂದಾಜಿಸಲಾಗಿದ್ದು, ಅವುಗಳಲ್ಲಿ 150 ಹುಲಿಗಳು ಬಂಡೀಪುರ ಹುಲಿ ಮೀಸಲು ಪ್ರದೇಶದೊಳಗಿನವು. ಹುಲಿಯ ಜೊತೆಗೆ ಆನೆ, ಕಾಟಿ, ಚಿರತೆ, ಸೀಳುನಾಯಿ, ಕರಡಿ, ಕಡವೆ ಮತ್ತು ಜಿಂಕೆಗಳು ಇಲ್ಲಿ ನೆಲೆಸಿವೆ.

ಈ ಅರಣ್ಯದ ನಡುವೆ ಕೇರಳದ ಸುಲ್ತಾನ್ ಬತ್ತೇರಿಗೂ ತಮಿಳುನಾಡಿನ ಉದಕಮಂಡಲಕ್ಕೂ ಹೋಗುವ ಎರಡು ಹೆದ್ದಾರಿಗಳು ಹಾದುಹೋಗುತ್ತವೆ. ರಾತ್ರಿ ವೇಳೆ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ಈ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವನ್ನು ನಿಷೇಧಿಸಲಾಯಿತು. 2010ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಈ ನಿಷೇಧವನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೆ ಮತ್ತು ಕೆಲವೇ ಸರ್ಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ ಇರುತ್ತದೆ. ಸಂಜೆ ತಡವಾಗಿ ಹೊರಡುವ ಪ್ರವಾಸಿಗರು ತಪಾಸಣಾ ಕೇಂದ್ರದಲ್ಲಿಯೇ ಬೆಳಗಿನವರೆಗೆ ಕಾಯಬೇಕಾಗುವುದರಿಂದ ಪ್ರಯಾಣದ ಸಮಯವನ್ನು ಮೊದಲೇ ಲೆಕ್ಕ ಹಾಕಿಕೊಳ್ಳತಕ್ಕದ್ದು.

ಹಿಮವದ್ ಗೋಪಾಲಸ್ವಾಮಿ ಬೆಟ್ಟ

ಬಂಡೀಪುರ ಅರಣ್ಯದೊಳಗೆ, ಸಮುದ್ರ ಮಟ್ಟದಿಂದ 1,454 ಮೀಟರ್ ಎತ್ತರದಲ್ಲಿರುವ ಈ ಬೆಟ್ಟವು ವರ್ಷದ ಬಹುಕಾಲ ಮಂಜಿನಿಂದ ಆವೃತವಾಗಿರುತ್ತದೆ; ‘ಹಿಮವದ್’ ಎಂಬ ಹೆಸರು ಬಂದುದೂ ಅದರಿಂದಲೇ. ಶಿಖರದಲ್ಲಿ ಕೊಳಲನ್ನು ಹಿಡಿದ ವೇಣುಗೋಪಾಲನ ಪುರಾತನ ದೇವಾಲಯವಿದೆ. ಖಾಸಗಿ ವಾಹನಗಳಿಗೆ ಬೆಟ್ಟದ ಮೇಲೆ ಪ್ರವೇಶವಿರುವುದಿಲ್ಲ. ತಪ್ಪಲಿನಲ್ಲಿ ವಾಹನವನ್ನು ನಿಲ್ಲಿಸಿ ರಾಜ್ಯ ರಸ್ತೆ ಸಾರಿಗೆ ನಿಗಮದ ಬಸ್ಸಿನಲ್ಲಿ ಮೇಲಕ್ಕೆ ತೆರಳಬೇಕು. ಆನೆಗಳು ಹುಲ್ಲುಗಾವಲಿಗೆ ಮತ್ತು ದೇವಾಲಯದ ಸಮೀಪಕ್ಕೂ ಬರುವುದುಂಟು. ಹಾಗಾಗಿ ಸಂಜೆಗೆ ಮುಂಚಿತವಾಗಿ ಬೆಟ್ಟವನ್ನು ಇಳಿಯುವುದು ಕಡ್ಡಾಯ. ಬೆಟ್ಟದ ಮೇಲೆ ತಂಗಲು ಅವಕಾಶವಿಲ್ಲ.

ಬಿಳಿಗಿರಿರಂಗನ ಬೆಟ್ಟ

ಯಳಂದೂರಿನಿಂದ ಸುಮಾರು 24 ಕಿ.ಮೀ. ದೂರದಲ್ಲಿರುವ ಈ ಬೆಟ್ಟಸಾಲು ಪಶ್ಚಿಮ ಮತ್ತು ಪೂರ್ವ ಘಟ್ಟಗಳ ನಡುವಿನ ಕೊಂಡಿಯಾಗಿದೆ. ಒಣ ಕುರುಚಲು ಕಾಡಿನಿಂದ ಆರಂಭಿಸಿ ಎಲೆಯುದುರುವ ಕಾಡು, ನಿತ್ಯಹರಿದ್ವರ್ಣ ಕಾಡು, ಶೋಲಾ ಮತ್ತು ಹುಲ್ಲುಗಾವಲುಗಳನ್ನು ಒಂದೇ ದಿನದ ಪ್ರಯಾಣದಲ್ಲಿ ಕಾಣಬಹುದಾದ ಅಪರೂಪದ ತಾಣವಿದು. ರಂಗನಾಥಸ್ವಾಮಿಯ ದೇವಾಲಯವು ಬಿಳಿಯ ಬಂಡೆಯ ಅಂಚಿನಲ್ಲಿರುವುದರಿಂದ ‘ಬಿಳಿಗಿರಿ’ ಎಂಬ ಹೆಸರು ಬಂದಿತು. ಸಂಸ್ಕೃತದಲ್ಲಿ ಇದನ್ನು ಶ್ವೇತಾದ್ರಿ ಎನ್ನುತ್ತಾರೆ. 1974ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಈ ಪ್ರದೇಶವನ್ನು 1987ರಲ್ಲಿ ಸುಮಾರು 540 ಚದರ ಕಿ.ಮೀ.ಗೆ ವಿಸ್ತರಿಸಲಾಯಿತು. 2011ರಲ್ಲಿ ಇದು ಹುಲಿ ಮೀಸಲು ಪ್ರದೇಶವಾಯಿತು.

ಈ ಕಾಡಿನ ಮೂಲನಿವಾಸಿಗಳು ಸೋಲಿಗರು. ರಂಗನಾಥನು ಸೋಲಿಗರ ಮಗಳಾದ ಕುಸುಮಾಲೆಯನ್ನು ವರಿಸಿದನೆಂಬುದು ಅವರ ನಂಬಿಕೆಯಾಗಿದ್ದು, ದೇವರನ್ನು ಅವರು ‘ರಂಗಭಾವ’ ಎಂದೇ ಕರೆಯುತ್ತಾರೆ. ಭಾರ್ಗವಿ ನದಿಯ ದಡದಲ್ಲಿರುವ, ಶತಮಾನಗಳಷ್ಟು ಹಳೆಯದಾದ ದೊಡ್ಡ ಸಂಪಿಗೆ ಮರವು ಅವರ ಪೂಜಾಸ್ಥಾನ. ರಾಗಿಯ ಕೊಯ್ಲಿಗೆ ಸಂಬಂಧಿಸಿದ ರೊಟ್ಟಿ ಹಬ್ಬ ಮತ್ತು ಗೊರುಕನ ಹಾಡು ಕುಣಿತಗಳು ಅವರ ಸಂಸ್ಕೃತಿಯ ಹೆಗ್ಗುರುತುಗಳು. ವನ್ಯಜೀವಿಧಾಮದ ಘೋಷಣೆಯ ನಂತರ ಸ್ಥಳಾಂತರ ಬೇಸಾಯವನ್ನು ಬಿಟ್ಟು ನಿಗದಿತ ಪೋಡುಗಳಲ್ಲಿ ನೆಲೆ ನಿಲ್ಲಬೇಕಾಗಿ ಬಂದ ಈ ಸಮುದಾಯಕ್ಕೆ, 2006ರ ಅರಣ್ಯ ಹಕ್ಕುಗಳ ಕಾಯಿದೆಯಡಿ 2011ರ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳ ಮೂಲಕ ಸಮುದಾಯ ಅರಣ್ಯ ಹಕ್ಕುಗಳನ್ನು ಮಾನ್ಯ ಮಾಡಲಾಯಿತು. ಜೇನು, ನೆಲ್ಲಿಕಾಯಿ, ಪಾಚಿ ಮುಂತಾದ ಕಿರು ಅರಣ್ಯ ಉತ್ಪನ್ನಗಳು ಅವರ ಜೀವನಾಧಾರವಾಗಿವೆ.

ಪೋಡುಗಳು ಪ್ರದರ್ಶನದ ಸ್ಥಳಗಳಲ್ಲ. ಅವು ಜನರ ಮನೆಗಳು. ಗ್ರಾಮದ ಹಿರಿಯರ ಒಪ್ಪಿಗೆಯಿಲ್ಲದೆ ಪೋಡಿನೊಳಗೆ ಪ್ರವೇಶಿಸುವುದು, ನಿವಾಸಿಗಳ ಛಾಯಾಚಿತ್ರ ತೆಗೆಯುವುದು ಮತ್ತು ಪೂಜಾಸ್ಥಾನಗಳಲ್ಲಿ ಪಾದರಕ್ಷೆ ಧರಿಸಿ ಓಡಾಡುವುದು ಸಲ್ಲದು. ದೊಡ್ಡ ಸಂಪಿಗೆಯು ಮೀಸಲು ಪ್ರದೇಶದೊಳಗೆ ಇರುವುದರಿಂದ ಅರಣ್ಯ ಇಲಾಖೆಯ ಅನುಮತಿಯೊಂದಿಗೆ ಮಾತ್ರ ಅಲ್ಲಿಗೆ ಭೇಟಿ ನೀಡತಕ್ಕದ್ದು.

ಮಲೆ ಮಹದೇಶ್ವರ ಬೆಟ್ಟ

ಹನೂರು ತಾಲ್ಲೂಕಿನ ಈ ಬೆಟ್ಟವು ಎಪ್ಪತ್ತೇಳು ಮಲೆಗಳ ಒಡೆಯನೆಂದು ಜನಪದರು ಕೊಂಡಾಡುವ ಮಾದಪ್ಪನ ಕ್ಷೇತ್ರ. ಕೊಳ್ಳೇಗಾಲದಿಂದ ಸುಮಾರು 80 ಕಿ.ಮೀ. ದೂರದಲ್ಲಿದೆ. ಶಿವರಾತ್ರಿ, ಯುಗಾದಿ ಮತ್ತು ದೀಪಾವಳಿಯ ಜಾತ್ರೆಗಳಿಗೆ ಕರ್ನಾಟಕ ಮತ್ತು ತಮಿಳುನಾಡುಗಳಿಂದ ಲಕ್ಷಾಂತರ ಭಕ್ತರು ಆಗಮಿಸುತ್ತಾರೆ. ಅವರಲ್ಲಿ ಅನೇಕರು ಕಾಲ್ನಡಿಗೆಯಲ್ಲಿ ಬರುವವರು. ಬೇಡಗಂಪಣ ಸಮುದಾಯದವರು ಇಲ್ಲಿನ ಅರ್ಚಕರು. ಕಂಸಾಳೆಯನ್ನು ನುಡಿಸುತ್ತ ಮಹದೇಶ್ವರನ ಕಾವ್ಯವನ್ನು ರಾತ್ರಿಯಿಡೀ ಹಾಡುವ ದೇವರ ಗುಡ್ಡರ ಪರಂಪರೆಯು ಕನ್ನಡ ಜನಪದ ಸಾಹಿತ್ಯದ ದೊಡ್ಡ ಸಂಪತ್ತು. 2023ರಲ್ಲಿ ಇಲ್ಲಿ 108 ಅಡಿ ಎತ್ತರದ ಮಹದೇಶ್ವರ ಪ್ರತಿಮೆಯನ್ನು ಉದ್ಘಾಟಿಸಲಾಯಿತು.

ಮಾದಪ್ಪನ ವಾಹನ ಹುಲಿ. ಬೆಟ್ಟದ ಸುತ್ತಲಿನ ಸುಮಾರು 906 ಚದರ ಕಿ.ಮೀ. ಅರಣ್ಯವು 2013ರಲ್ಲಿ ವನ್ಯಜೀವಿಧಾಮವಾಯಿತು. ಇದೇ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ 2025ರ ಜೂನ್‌ನಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿರುವುದು ಪತ್ತೆಯಾಯಿತು. ಹುಲಿಯು ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಬೆರೆಸಿದ್ದೇ ಇದಕ್ಕೆ ಕಾರಣವೆಂದು ತನಿಖೆಯಲ್ಲಿ ಕಂಡುಬಂದಿತು. ಜಾನುವಾರು ಕಳೆದುಕೊಂಡ ಕುಟುಂಬದ ನಷ್ಟ ಮತ್ತು ಕಾಡಿನ ನಷ್ಟ ಎರಡೂ ಒಂದೇ ಘಟನೆಯ ಎರಡು ಮುಖಗಳಾಗಿವೆ. ವನ್ಯಪ್ರಾಣಿಗಳಿಂದ ಜಾನುವಾರು ಅಥವಾ ಬೆಳೆ ಹಾನಿಯಾದಲ್ಲಿ ಕಾಡಂಚಿನ ಗ್ರಾಮಸ್ಥರು ಕಳೇಬರವನ್ನು ಮುಟ್ಟದೆ ಸಮೀಪದ ವಲಯ ಅರಣ್ಯ ಕಚೇರಿಗೆ ಕೂಡಲೇ ತಿಳಿಸಿ, ಸ್ಥಳ ಪರಿಶೀಲನೆಯ ನಂತರ ಪರಿಹಾರಕ್ಕೆ ಅರ್ಜಿ ಸಲ್ಲಿಸಬಹುದಾಗಿದೆ.

ಪಾದಯಾತ್ರೆಯ ಭಕ್ತರು ಕಾಡಿನ ದಾರಿಯಲ್ಲಿ ಹಗಲು ವೇಳೆಯಲ್ಲಿ, ಗುಂಪಾಗಿ ನಡೆಯಬೇಕು. ಅಡುಗೆಗೆ ಹಚ್ಚಿದ ಬೆಂಕಿಯನ್ನು ಪೂರ್ಣವಾಗಿ ಆರಿಸದೆ ಸ್ಥಳವನ್ನು ಬಿಡಬಾರದು.

ಭರಚುಕ್ಕಿ ಜಲಪಾತ ಮತ್ತು ಕಾವೇರಿ ವನ್ಯಜೀವಿಧಾಮ

ಶಿವನಸಮುದ್ರದ ಬಳಿ ಕಾವೇರಿ ನದಿಯು ಎರಡು ಕವಲಾಗಿ ಧುಮುಕುತ್ತದೆ. ಗಗನಚುಕ್ಕಿಯು ಮಂಡ್ಯ ಜಿಲ್ಲೆಯ ಕಡೆಗೂ ಭರಚುಕ್ಕಿಯು ಕೊಳ್ಳೇಗಾಲ ತಾಲ್ಲೂಕಿನ ಕಡೆಗೂ ಇವೆ. 1902ರಲ್ಲಿ ಇಲ್ಲಿನ ಜಲವಿದ್ಯುತ್ ಕೇಂದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಪೂರೈಕೆ ಆರಂಭವಾಯಿತು. 1905ರಲ್ಲಿ ಬೆಂಗಳೂರು ನಗರಕ್ಕೆ ವಿದ್ಯುದ್ದೀಪ ಬಂದುದೂ ಇಲ್ಲಿಂದಲೇ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಜಲಪಾತವು ತುಂಬಿ ಹರಿಯುತ್ತದೆ. ಬಂಡೆಗಳು ಜಾರುವುದರಿಂದಲೂ ಮೇಲಿನ ಜಲಾಶಯಗಳಿಂದ ನೀರು ಬಿಟ್ಟಾಗ ಹರಿವು ಹೆಚ್ಚುವುದರಿಂದಲೂ ನೀರಿಗೆ ಇಳಿಯುವುದು ಅಪಾಯಕಾರಿ. ಕೆಳಭಾಗದಲ್ಲಿ ನದಿಯ ಇಕ್ಕೆಲಗಳಲ್ಲಿ ವ್ಯಾಪಿಸಿರುವ, 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮವು ಮಹಶೀರ್ ಮೀನು, ನೀರುನಾಯಿ, ಮೊಸಳೆ ಮತ್ತು ಬೂದು ಬಣ್ಣದ ದೊಡ್ಡ ಅಳಿಲುಗಳ ಆಶ್ರಯತಾಣವಾಗಿದೆ.

ಐತಿಹಾಸಿಕ ತಾಣಗಳು

ಜಿಲ್ಲಾ ಕೇಂದ್ರದ ಹಿಂದಿನ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಜನಿಸಿದ ಈ ಊರಿಗೆ ಅವರ ಹೆಸರನ್ನಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ನಿರ್ಮಿಸಿದರು. ಆಷಾಢ ಮಾಸದಲ್ಲಿ ನಡೆಯುವ ಇಲ್ಲಿನ ರಥೋತ್ಸವಕ್ಕೆ ನವದಂಪತಿಗಳು ಬರುವುದು ವಿಶೇಷ ವಾಡಿಕೆ. ಯಳಂದೂರಿನ ಗೌರೀಶ್ವರ ದೇವಾಲಯದ ಮುಂದಿರುವ ಬಳೆ ಮಂಟಪದಲ್ಲಿ ಕಲ್ಲಿನಲ್ಲಿ ಕಡೆದ ಬಳೆಗಳ ಸರಪಣಿಗಳಿವೆ. ‘ಹದಿಬದೆಯ ಧರ್ಮ’ ಕೃತಿಯನ್ನು ರಚಿಸಿದ ಸಂಚಿಯ ಹೊನ್ನಮ್ಮನ ಊರೂ ಯಳಂದೂರೇ. ನರಸಮಂಗಲದಲ್ಲಿ ಗಂಗರ ಕಾಲದ ರಾಮೇಶ್ವರ ದೇವಾಲಯವು ಗಾರೆಯ ಶಿಲ್ಪಗಳಿಂದ ಗಮನ ಸೆಳೆಯುತ್ತದೆ. ಮಲೆಯೂರಿನ ಕನಕಗಿರಿಯು ಪೂಜ್ಯಪಾದರ ಹೆಸರಿನೊಂದಿಗೆ ಬೆಸೆದುಕೊಂಡ ಜೈನ ಕ್ಷೇತ್ರವಾಗಿದೆ. ಸಫಾರಿಗೆ ಅವಕಾಶ ದೊರೆಯದ ದಿನಗಳಲ್ಲಿಯೂ ಈ ತಾಣಗಳಿಗೆ ಭೇಟಿ ನೀಡಿ ಪ್ರವಾಸವನ್ನು ಸಾರ್ಥಕಗೊಳಿಸಿಕೊಳ್ಳಬಹುದು.

ಸಫಾರಿ, ಚಾರಣ ಮತ್ತು ವಸತಿ

ಹುಲಿ ಮೀಸಲು ಪ್ರದೇಶಗಳಲ್ಲಿ ಖಾಸಗಿ ವಾಹನಗಳಲ್ಲಿ ಸಫಾರಿ ಮಾಡಲು ಅವಕಾಶವಿಲ್ಲ. ಅರಣ್ಯ ಇಲಾಖೆ ಅಥವಾ ಜಂಗಲ್ ಲಾಡ್ಜಸ್ ಸಂಸ್ಥೆಯ ವಾಹನಗಳಲ್ಲಿ ಮಾತ್ರ ತೆರಳಬೇಕು. ಬಿಳಿಗಿರಿರಂಗನ ಬೆಟ್ಟದ ಕ್ಯಾತದೇವರ ಗುಡಿಯಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿ ಶಿಬಿರವಿದೆ. ಚಾರಣಕ್ಕೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡವಾಗಿ ನೋಂದಾಯಿಸಿಕೊಳ್ಳಬೇಕು. ಅರ್ಜಿಯಲ್ಲಿ ನಮೂದಿಸಿದ ಗುರುತಿನ ಚೀಟಿಯ ಮೂಲ ಪ್ರತಿಯನ್ನು ಭೇಟಿಯ ದಿನ ಜೊತೆಯಲ್ಲಿ ತರತಕ್ಕದ್ದು.

ಸಫಾರಿಯು ಎಲ್ಲ ಕಾಲಕ್ಕೂ ಲಭ್ಯವಿರುವ ಸೇವೆಯಲ್ಲ. ಕಾಡಂಚಿನ ಗ್ರಾಮಗಳಲ್ಲಿ ಹುಲಿ ದಾಳಿಯಿಂದ ಜೀವಹಾನಿ ಸಂಭವಿಸಿದ ಹಿನ್ನೆಲೆಯಲ್ಲಿ, ಸಿಬ್ಬಂದಿಯನ್ನು ಗ್ರಾಮಗಳ ರಕ್ಷಣಾ ಕಾರ್ಯಕ್ಕೆ ನಿಯೋಜಿಸಲು 2025ರ ನವೆಂಬರ್‌ನಲ್ಲಿ ಬಂಡೀಪುರ ಮತ್ತು ನಾಗರಹೊಳೆಗಳಲ್ಲಿ ಸಫಾರಿಯನ್ನು ಸ್ಥಗಿತಗೊಳಿಸಲಾಯಿತು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯವಿದ್ದಾಗಲೂ ಪ್ರವೇಶವನ್ನು ನಿರ್ಬಂಧಿಸಲಾಗುತ್ತದೆ. ಪ್ರವಾಸಿಗರು ಹೊರಡುವ ಮುನ್ನ ಅಂದಿನ ಸ್ಥಿತಿಯನ್ನು ಇಲಾಖೆಯ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳುವುದು ಸೂಕ್ತ.

ಪ್ರವಾಸಿಗರು ಪಾಲಿಸಬೇಕಾದ ಕ್ರಮಗಳು

1. ಅರಣ್ಯದೊಳಗಿನ ರಸ್ತೆಯಲ್ಲಿ ವಾಹನವನ್ನು ನಿಲ್ಲಿಸಬಾರದು ಮತ್ತು ವಾಹನದಿಂದ ಇಳಿಯಬಾರದು. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ಆನೆಯ ಸಮೀಪಕ್ಕೆ ಹೋಗಿ ಛಾಯಾಚಿತ್ರ ತೆಗೆಯಲು ಯತ್ನಿಸಿದ ಪ್ರವಾಸಿಗರೊಬ್ಬರು ಆನೆಯ ದಾಳಿಯಿಂದ ಗಾಯಗೊಂಡರು. ಅವರಿಗೆ 25,000 ರೂ. ದಂಡವನ್ನೂ ವಿಧಿಸಲಾಯಿತು.

2. ಮಂಗ, ಜಿಂಕೆ, ಆನೆ ಮುಂತಾದ ಪ್ರಾಣಿಗಳಿಗೆ ಆಹಾರ ನೀಡಬಾರದು. ರಸ್ತೆಬದಿಯ ಆಹಾರಕ್ಕೆ ಒಗ್ಗಿದ ಪ್ರಾಣಿಯು ವಾಹನಕ್ಕೆ ಸಿಕ್ಕಿ ಸಾಯುವ ಅಥವಾ ಮನುಷ್ಯರ ಮೇಲೆರಗುವ ಸಂಭವವಿರುತ್ತದೆ.

3. ಬೀಡಿ, ಸಿಗರೇಟು, ಬೆಂಕಿಕಡ್ಡಿಗಳನ್ನು ಕಾಡಿನಲ್ಲಿ ಬಳಸಬಾರದು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹಬ್ಬಿದ ಬೆಂಕಿಗೆ ಸಾವಿರಾರು ಎಕರೆ ಅರಣ್ಯವು ಆಹುತಿಯಾಯಿತು.

4. ಪ್ಲಾಸ್ಟಿಕ್ ಚೀಲ ಮತ್ತು ಬಾಟಲಿಗಳನ್ನು ಎಸೆಯಬಾರದು. ತಂದ ವಸ್ತುಗಳನ್ನು ಮರಳಿ ಒಯ್ಯತಕ್ಕದ್ದು.

5. ಗದ್ದಲ, ಧ್ವನಿವರ್ಧಕ ಮತ್ತು ಅನಗತ್ಯ ಹಾರ್ನ್ ನಿಷಿದ್ಧ. ಮೌನವಾಗಿರುವ ಪ್ರವಾಸಿಗರಿಗೆ ಪ್ರಾಣಿಗಳು ಕಾಣಸಿಗುವ ಅವಕಾಶವೂ ಹೆಚ್ಚು.

6. ಕಾಳ್ಗಿಚ್ಚು, ಬೇಟೆ ಅಥವಾ ಗಾಯಗೊಂಡ ಪ್ರಾಣಿ ಕಂಡುಬಂದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬಹುದು.

ತಲುಪುವ ಬಗೆ

ಚಾಮರಾಜನಗರವು ಮೈಸೂರಿನಿಂದ ಸುಮಾರು 60 ಕಿ.ಮೀ., ಬೆಂಗಳೂರಿನಿಂದ ಸುಮಾರು 180 ಕಿ.ಮೀ. ದೂರದಲ್ಲಿದ್ದು, ಮೈಸೂರಿನೊಂದಿಗೆ ರೈಲು ಸಂಪರ್ಕವನ್ನು ಹೊಂದಿದೆ. ಗುಂಡ್ಲುಪೇಟೆ, ಯಳಂದೂರು ಮತ್ತು ಕೊಳ್ಳೇಗಾಲಗಳಿಗೆ ಮೈಸೂರಿನಿಂದ ಸರ್ಕಾರಿ ಬಸ್ಸುಗಳ ಸೌಲಭ್ಯವಿದೆ. ಹಸಿರನ್ನು ಕಾಣಬಯಸುವವರಿಗೆ ಮುಂಗಾರಿನ ನಂತರದ ತಿಂಗಳುಗಳು ಪ್ರಶಸ್ತ.

ಹುಲಿಯನ್ನು ಕಾಣದೆ ಮರಳಿದ ಪ್ರವಾಸಿಗರೂ ಬಿಳಿಗಿರಿಯ ಮಂಜು, ಕಂಸಾಳೆಯ ದನಿ, ಕಾವೇರಿಯ ಭೋರ್ಗರೆತಗಳನ್ನು ನೆನಪಿನಲ್ಲಿ ಒಯ್ಯುತ್ತಾರೆ. ಈ ಕಾಡು, ಅದರ ಜೀವಿಗಳು ಮತ್ತು ಅದನ್ನು ನಂಬಿ ಬದುಕಿರುವ ಜನರು ಮುಂದಿನ ಪೀಳಿಗೆಗೂ ಉಳಿಯುವಂತೆ ಮೇಲ್ಕಂಡ ಕ್ರಮಗಳನ್ನು ಪಾಲಿಸಿ ಸಹಕರಿಸಬೇಕಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.