ಎರಡೂವರೆ ನಿಮಿಷದ ಭರವಸೆ

2025ರ ಮಾರ್ಚ್ 26ರಂದು ಮಾರ್ವೆಲ್ ಸ್ಟುಡಿಯೋಸ್ ಅಂತರ್ಜಾಲದಲ್ಲಿ ಒಂದು ನೇರಪ್ರಸಾರ ಶುರುಮಾಡಿತು. ತೆರೆಯ ಮೇಲೆ ಕಂಡದ್ದು ಒಂದು ಕುರ್ಚಿಯ ಬೆನ್ನು. ಶೂಟಿಂಗ್ ಸೆಟ್ಟಿನಲ್ಲಿ ನಟರಿಗೆ ಹಾಕುವಂಥ ಬಟ್ಟೆಯ ಕುರ್ಚಿ, ಅದರ ಮೇಲೆ ಕ್ರಿಸ್ ಹೆಮ್ಸ್‌ವರ್ತ್ ಎಂಬ ಹೆಸರು. ಸುಮಾರು ಹೊತ್ತಾದ ಮೇಲೆ ಕ್ಯಾಮೆರಾ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಅಲ್ಲೊಂದು ಕುರ್ಚಿ, ಇನ್ನೊಂದು ಹೆಸರು. ಹೀಗೆ ಐದೂವರೆ ತಾಸಿನಲ್ಲಿ 27 ಹೆಸರುಗಳು ಹೊರಬಿದ್ದವು. ಕಟ್ಟಕಡೆಗೆ ರಾಬರ್ಟ್ ಡೌನಿ ಜೂನಿಯರ್ ಖುದ್ದಾಗಿ ಬಂದು ಕೂತರು. ಅದು 'ಅವೆಂಜರ್ಸ್: ಡೂಮ್ಸ್‌ಡೇ' ಚಿತ್ರದ ತಾರಾಗಣದ ಪ್ರಕಟಣೆ. ಸಿನಿಮಾದ ಒಂದೇ ಒಂದು ದೃಶ್ಯವೂ ಅದರಲ್ಲಿರಲಿಲ್ಲ. ಆದರೂ ಲಕ್ಷಾಂತರ ಜನ ಕೆಲಸ ಬಿಟ್ಟು ಕುರ್ಚಿ ನೋಡಿದರು, ಮುಂದಿನ ಹೆಸರು ಯಾರದೆಂದು ಜಗಳವಾಡಿದರು.

ಸೂಪರ್‌ಹೀರೋ ಚಿತ್ರಗಳ ಸುತ್ತ ಇಂಥ ಕಾತರ ಬೆಳೆದದ್ದು ಟ್ರೇಲರುಗಳಿಂದ. ಆ ಕಥೆಗೆ ನೂರು ವರ್ಷಕ್ಕೂ ಮಿಕ್ಕಿದ ಪೂರ್ವರಂಗವಿದೆ.

1913ರಲ್ಲಿ ನ್ಯೂಯಾರ್ಕಿನ ಮಾರ್ಕಸ್ ಲೋ ಚಿತ್ರಮಂದಿರಗಳ ಪ್ರಚಾರ ನೋಡಿಕೊಳ್ಳುತ್ತಿದ್ದ ನಿಲ್ಸ್ ಗ್ರಾನ್‌ಲಂಡ್, ಬ್ರಾಡ್‌ವೇಗೆ ಬರಲಿದ್ದ 'ದ ಪ್ಲೆಷರ್ ಸೀಕರ್ಸ್' ನಾಟಕದ ತಾಲೀಮನ್ನು ಚಿತ್ರೀಕರಿಸಿ ಪುಟ್ಟ ಜಾಹೀರಾತು ಮಾಡಿದ. ಟ್ರೇಲರಿನ ಇತಿಹಾಸವನ್ನು ಸಾಮಾನ್ಯವಾಗಿ ಅಲ್ಲಿಂದಲೇ ಎಣಿಸುತ್ತಾರೆ. ಆ ಕಾಲದಲ್ಲಿ ಇಂಥ ತುಣುಕುಗಳನ್ನು ಸಿನಿಮಾ ಮುಗಿದ ಮೇಲೆ ತೋರಿಸುತ್ತಿದ್ದರು. ಆಟ ಮುಗಿದ ಮೇಲೆ ಯಾರು ಕೂರುತ್ತಾರೆ? ಜನ ಎದ್ದು ಹೊರಡುವುದನ್ನು ಕಂಡ ಮೇಲೆ ಟ್ರೇಲರು ಸಿನಿಮಾಕ್ಕಿಂತ ಮೊದಲಿಗೆ ಬಂತು. 1919ರಲ್ಲಿ ಹುಟ್ಟಿದ ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಎಂಬ ಕಂಪನಿ ಮುಂದೆ ಹಲವು ದಶಕ ಹಾಲಿವುಡ್ಡಿನ ಬಹುಪಾಲು ಟ್ರೇಲರುಗಳನ್ನು ತಯಾರಿಸಿ ಹಂಚಿತು. ಆಗೆಲ್ಲ ಟ್ರೇಲರ್ ಎಂದರೆ ಬರಲಿರುವ ಚಿತ್ರದ ಡಂಗುರ, ಅಷ್ಟೆ.

ಆ ಡಂಗುರಕ್ಕೆ ಬೇರೆಯೇ ಕೆಲಸ ಬಿದ್ದದ್ದು ಬ್ಯಾಟ್‌ಮ್ಯಾನ್ ಕಾಲಕ್ಕೆ. 1988ರಲ್ಲಿ ವಾರ್ನರ್ ಬ್ರದರ್ಸ್ ಟಿಮ್ ಬರ್ಟನ್ ನಿರ್ದೇಶನದ ಚಿತ್ರಕ್ಕೆ ಮೈಕೆಲ್ ಕೀಟನ್ ನಾಯಕನೆಂದು ಪ್ರಕಟಿಸಿತು. ಕಾಮಿಕ್ಸ್ ಓದುಗರು ಕೆರಳಿ ಕೆಂಡವಾದರು. ಕೀಟನ್ ಆಗ ಹೆಸರಾದದ್ದು ನಗೆ ಪಾತ್ರಗಳಿಗೆ. 1966ರ ಟೀವಿ ಧಾರಾವಾಹಿಯಲ್ಲಿ ಬ್ಯಾಟ್‌ಮ್ಯಾನನನ್ನು ಕೋಡಂಗಿ ಮಾಡಿದ್ದರೆಂಬ ಸಿಟ್ಟು ಅಭಿಮಾನಿಗಳಲ್ಲಿ ಇನ್ನೂ ಆರಿರಲಿಲ್ಲ, ಈಗ ಮತ್ತೆ ಅದೇ ಗತಿ ಎಂದುಕೊಂಡರು. ವಾರ್ನರ್ ಕಚೇರಿಗೆ ಬಂದ ಪ್ರತಿಭಟನೆಯ ಪತ್ರಗಳು 50,000 ಎಂದು ಅಂದಿನ ವರದಿಗಳು ಹೇಳುತ್ತವೆ. ಷೇರುಪೇಟೆಯ ಸುದ್ದಿಗೆ ಹೆಸರಾದ 'ವಾಲ್ ಸ್ಟ್ರೀಟ್ ಜರ್ನಲ್' ಕೂಡ ಈ ಗಲಾಟೆಯನ್ನು ಸುದ್ದಿ ಮಾಡಿತು. ಪಾತ್ರವನ್ನು ಸೃಷ್ಟಿಸಿದವರಲ್ಲಿ ಒಬ್ಬನಾದ ಬಾಬ್ ಕೇನ್‌ನನ್ನೇ ಸಲಹೆಗಾರನಾಗಿ ಕರೆತಂದರೂ ಅನುಮಾನ ತೀರಲಿಲ್ಲ.

ಲಂಡನ್ ಬಳಿಯ ಪೈನ್‌ವುಡ್ ಸ್ಟುಡಿಯೋದಲ್ಲಿ ಚಿತ್ರೀಕರಣ ಸಾಗಿರುವಾಗಲೇ ನಿರ್ಮಾಪಕ ಜಾನ್ ಪೀಟರ್ಸ್ ಕೈಗೆ ಸಿಕ್ಕ ದೃಶ್ಯಗಳನ್ನು ಜೋಡಿಸಿ ಸುಮಾರು ಒಂದೂವರೆ ನಿಮಿಷದ ಟ್ರೇಲರ್ ಮಾಡಿಸಿದ. ಅವಸರದ ಕೆಲಸ. ಹಿನ್ನೆಲೆ ಸಂಗೀತವಿಲ್ಲ, ಗಡಸು ದನಿಯ ನಿರೂಪಕನೂ ಇಲ್ಲ. ಕತ್ತಲೆಯ ಗೋಥಮ್ ನಗರ, ಕರಿಯ ಬ್ಯಾಟ್‌ಮೊಬೈಲ್, ಜೋಕರ್ ವೇಷದ ಜ್ಯಾಕ್ ನಿಕಲ್ಸನ್, ಕಪ್ಪು ಕವಚದೊಳಗಿನ ಕೀಟನ್. ಲಾಸ್ ಏಂಜಲೀಸ್‌ನ ವೆಸ್ಟ್‌ವುಡ್‌ನಲ್ಲಿ ಮುನ್ಸೂಚನೆಯಿಲ್ಲದೆ ಅದನ್ನು ತೋರಿಸಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆಮೇಲೆ ಆದದ್ದು ಹಾಲಿವುಡ್ಡಿಗೆ ಹೊಸದು. ಜನ ಬೇರಾವುದೋ ಸಿನಿಮಾಕ್ಕೆ ಟಿಕೆಟ್ ಕೊಂಡು, ಈ ಟ್ರೇಲರ್ ನೋಡಿ ಎದ್ದು ಹೋದರು. ಅದರ ಕಳ್ಳ ಪ್ರತಿಗಳು ಕಾಮಿಕ್ಸ್ ಮೇಳಗಳಲ್ಲಿ 25 ಡಾಲರಿಗೆ ಬಿಕರಿಯಾದವು. 1989ರ ಜೂನ್ 23ಕ್ಕೆ ಬಿಡುಗಡೆಯಾದ ಚಿತ್ರ ಮೊದಲ ವಾರಾಂತ್ಯದಲ್ಲೇ ನಾಲ್ಕು ಕೋಟಿ ಡಾಲರ್ ದಾಟಿತು.

ಒಂದೂವರೆ ನಿಮಿಷ ಅಷ್ಟೊಂದು ಜನರ ಮನಸ್ಸು ತಿರುಗಿಸಿದ್ದು ಹೇಗೆ? ಕಥೆಯ ಗುಟ್ಟು ಬಿಟ್ಟುಕೊಟ್ಟಲ್ಲ. ಬ್ಯಾಟ್‌ಮ್ಯಾನ್ ಯಾರು, ಅವನ ತಂದೆತಾಯಿ ಹೇಗೆ ಸತ್ತರು ಎಂಬುದು ನೋಡುವವರಿಗೆಲ್ಲ ಕಂಠಪಾಠ. ದೇವೀಮಹಾತ್ಮೆ ಬಯಲಾಟಕ್ಕೆ ಹೋದವರಿಗೆ ಮಹಿಷಾಸುರ ಸಾಯುತ್ತಾನೆಂದು ಗೊತ್ತಿಲ್ಲವೇ? ಆದರೂ ದೊಂದಿಯ ಬೆಳಕಲ್ಲಿ ಸಭೆಯನ್ನು ಸೀಳಿಕೊಂಡು ಅವನು ಬರುವ ಗಳಿಗೆಗೆ ನಿದ್ದೆಗೆಟ್ಟು ಕಾಯುತ್ತಾರೆ. ಈ ಸಲದ ವೇಷ ಹೇಗಿದೆ, ಆರ್ಭಟ ಹೇಗಿದೆ ಎಂಬುದೇ ಕುತೂಹಲ. ಸೂಪರ್‌ಹೀರೋ ಚಿತ್ರದ ಟ್ರೇಲರೂ ಪ್ರವೇಶದ ಗಳಿಗೆಯೇ. ನಮ್ಮವನನ್ನು ಕೆಡಿಸಿಲ್ಲ ತಾನೇ ಎಂಬ ಅಳುಕಿಗೆ ಅದು ಉತ್ತರ ಕೊಡಬೇಕು.

ಬ್ಯಾಟ್‌ಮ್ಯಾನ್ ಟ್ರೇಲರ್ ಇದ್ದದ್ದನ್ನು ತೋರಿಸಿ ಗೆದ್ದಿತು. ಮುಂದೆ ಬಂದವು ಇಲ್ಲದ್ದನ್ನೂ ತೋರಿಸತೊಡಗಿದವು. 2001ರ 'ಸ್ಪೈಡರ್‌ಮ್ಯಾನ್' ಟೀಸರಿನಲ್ಲಿ ಬ್ಯಾಂಕ್ ದೋಚಿದ ಕಳ್ಳರು ಹೆಲಿಕಾಪ್ಟರಿನಲ್ಲಿ ಪರಾರಿಯಾಗುತ್ತಾರೆ. ಹೆಲಿಕಾಪ್ಟರ್ ಇದ್ದಕ್ಕಿದ್ದಂತೆ ಗಕ್ಕನೆ ನಿಂತು ಹಿಂದಕ್ಕೆ ಎಳೆಯಲ್ಪಡುತ್ತದೆ. ಕ್ಯಾಮೆರಾ ದೂರ ಸರಿದಾಗ ನ್ಯೂಯಾರ್ಕಿನ ಅವಳಿ ಗೋಪುರಗಳ ನಡುವೆ ದೊಡ್ಡ ಬಲೆ, ಅದರಲ್ಲಿ ಸಿಕ್ಕ ನೊಣದಂತೆ ಹೆಲಿಕಾಪ್ಟರ್. ಟೀಸರಿಗೆಂದೇ ಚಿತ್ರೀಕರಿಸಿದ ದೃಶ್ಯವದು. ಸೆಪ್ಟೆಂಬರ್ 11ರ ದಾಳಿಯ ನಂತರ ಸೋನಿ ಸಂಸ್ಥೆ ಅದನ್ನು ಹಿಂತೆಗೆದುಕೊಂಡಿತು. 2002ರ ಮೇನಲ್ಲಿ ತೆರೆಗೆ ಬಂದ ಚಿತ್ರ, ಅಮೆರಿಕದಲ್ಲಿ ಮೊದಲ ವಾರಾಂತ್ಯಕ್ಕೇ ಹತ್ತು ಕೋಟಿ ಡಾಲರ್ ದಾಟಿದ ಮೊಟ್ಟಮೊದಲ ಸಿನಿಮಾ ಎನಿಸಿತು.

2008ರಲ್ಲಿ ಮಾರ್ವೆಲ್ ಹಳೆಯ ಕಾಲಕ್ಕೆ ವಾಪಸಾಯಿತು. 'ಐರನ್ ಮ್ಯಾನ್' ಮುಗಿದು ಹೆಸರುಗಳ ಪಟ್ಟಿಯೆಲ್ಲ ಉರುಳಿದ ಮೇಲೆ, ಕೋಣೆಯ ಕತ್ತಲೆಯಿಂದ ನಟ ಸ್ಯಾಮ್ಯುಯೆಲ್ ಎಲ್. ಜಾಕ್ಸನ್ ಹೊರಬಂದು ಅವೆಂಜರ್ಸ್ ಕೂಟದ ಮಾತೆತ್ತಿದ. ಸಿನಿಮಾದ ಬಾಲಕ್ಕೇ ಮುಂದಿನ ಸಿನಿಮಾದ ಆಸೆ ಕಟ್ಟಿದ್ದಾಯಿತು. 1913ರಲ್ಲಿ ಎದ್ದು ಹೊರಡುತ್ತಿದ್ದ ಪ್ರೇಕ್ಷಕ, ಈಗ ಗೇಟು ಕಾಯುವವರು ಬಂದು ಎಬ್ಬಿಸಿದರೂ ಏಳದೆ ಕೂರುವುದು ಅಂದಿನಿಂದ.

ಟ್ರೇಲರಿನ ಬಲ ಅಭಿಮಾನಿಗಳಿಗೂ ಗೊತ್ತಾದದ್ದು 2014ರಲ್ಲಿ. 'ಡೆಡ್‌ಪೂಲ್' ಚಿತ್ರ ಮಾಡೋಣವೆಂದು ನಿರ್ದೇಶಕ ಟಿಮ್ ಮಿಲ್ಲರ್ ಮತ್ತು ನಟ ರಯಾನ್ ರೆನಾಲ್ಡ್ಸ್ ಪರೀಕ್ಷಾರ್ಥ ತುಣುಕೊಂದನ್ನು ಮಾಡಿಕೊಟ್ಟಿದ್ದರು. ಫಾಕ್ಸ್ ಸಂಸ್ಥೆ ಅದನ್ನು ಮೂಲೆಗೆ ಹಾಕಿತ್ತು. ಜುಲೈ ಕೊನೆಗೆ ಅದು ಹೇಗೋ ಸೋರಿಕೆಯಾಗಿ ಅಂತರ್ಜಾಲದಲ್ಲಿ ಹಬ್ಬಿತು. ಜನರ ಉತ್ಸಾಹ ಕಂಡ ಫಾಕ್ಸ್ ಸೆಪ್ಟೆಂಬರಿನಲ್ಲಿ ಬಿಡುಗಡೆಯ ದಿನಾಂಕವನ್ನೇ ಪ್ರಕಟಿಸಿತು. ಸುಮಾರು 5.8 ಕೋಟಿ ಡಾಲರಿನಲ್ಲಿ ತಯಾರಾದ ಚಿತ್ರ 78 ಕೋಟಿಯಷ್ಟು ಗಳಿಸಿತು. ಸಿನಿಮಾ ಹುಟ್ಟುವ ಮೊದಲೇ ಅದರ ಟ್ರೇಲರ್ ಹುಟ್ಟಿದಂತಾಯಿತು.

ಈಚಿನ ವರ್ಷಗಳಲ್ಲಿ ಟ್ರೇಲರಿಗೆ ತೋರಿಸುವುದಕ್ಕಿಂತ ಮುಚ್ಚಿಡುವುದೇ ದೊಡ್ಡ ಕೆಲಸ. ಒಂದೊಂದು ಫ್ರೇಮನ್ನೂ ನಿಲ್ಲಿಸಿ ಹಿಗ್ಗಿಸಿ ನೋಡುವ ಅಭಿಮಾನಿಗಳ ಕಣ್ಣು ತಪ್ಪಿಸಬೇಕಲ್ಲ. 2017ರ 'ಇನ್ಫಿನಿಟಿ ವಾರ್' ಟ್ರೇಲರಿನಲ್ಲಿ ವಕಾಂಡದ ರಣರಂಗದಲ್ಲಿ ಹಲ್ಕ್ ಓಡಿ ಬರುತ್ತಾನೆ, ಸಿನಿಮಾದಲ್ಲಿ ಆ ಹಲ್ಕ್ ಇಲ್ಲ. 2021ರ 'ಸ್ಪೈಡರ್‌ಮ್ಯಾನ್: ನೋ ವೇ ಹೋಮ್'ನಲ್ಲಿ ಹಳೆಯ ಸ್ಪೈಡರ್‌ಮ್ಯಾನ್‌ಗಳಾದ ಟೋಬಿ ಮ್ಯಾಗ್ವೈರ್, ಆಂಡ್ರ್ಯೂ ಗಾರ್ಫೀಲ್ಡ್ ಇದ್ದರು. ಟ್ರೇಲರಿನಿಂದ ಅವರನ್ನು ಅಳಿಸಿಹಾಕಿದ್ದರು. ಬ್ರೆಜಿಲ್‌ನಲ್ಲಿ ಬಿಟ್ಟ ಪ್ರತಿಯಲ್ಲಿ ಮಾತ್ರ ಅಳಿಸಿದ ಗುರುತು ಉಳಿದುಹೋಯಿತು. ಗಾಳಿಯಲ್ಲಿ ಹಾರಿಬರುವ ಲಿಜಾರ್ಡ್ ಎಂಬ ಖಳನ ಮುಖ, ಎದುರಿಗೆ ಯಾರೂ ಇಲ್ಲದೆಯೇ ಏಟು ತಿಂದಂತೆ ಹಿಂದಕ್ಕೆ ವಾಲುತ್ತದೆ! ಕಣ್ಣಿಗೆ ಕಾಣದ ಒದೆತ ಯಾರದೆಂದು ಪತ್ತೆ ಹಚ್ಚಲು ಅಭಿಮಾನಿಗಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದೇ ಚಿತ್ರದ ಮೊದಲ ಟ್ರೇಲರನ್ನು 24 ತಾಸಿನಲ್ಲಿ 35.5 ಕೋಟಿ ಸಲ ನೋಡಲಾಗಿತ್ತು. 2024ರಲ್ಲಿ 'ಡೆಡ್‌ಪೂಲ್ ಆ್ಯಂಡ್ ವುಲ್ವರಿನ್' ಟ್ರೇಲರ್ ಆ ದಾಖಲೆಯನ್ನು 36.5 ಕೋಟಿಗೆ ಏರಿಸಿತು.

ತೋರಿಸಿದ್ದು ಸಿನಿಮಾದಲ್ಲಿ ಇಲ್ಲದಿದ್ದರೆ ಅದು ಮೋಸವಲ್ಲವೇ? ಈ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. 2016ರ ಹಿಂದಿ ಚಿತ್ರ 'ಫ್ಯಾನ್'ನ ಪ್ರಚಾರದಲ್ಲಿದ್ದ ಹಾಡು ಚಿತ್ರದಲ್ಲಿ ಇರಲಿಲ್ಲವೆಂದು ಪ್ರೇಕ್ಷಕರೊಬ್ಬರು ಗ್ರಾಹಕ ನ್ಯಾಯಾಲಯದ ಮೆಟ್ಟಿಲೇರಿ 10,000 ರೂಪಾಯಿ ಪರಿಹಾರದ ಆದೇಶ ಪಡೆದಿದ್ದರು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಪ್ರಚಾರದ ಟ್ರೇಲರ್ ಏಕಪಕ್ಷೀಯವಾದದ್ದು, ಅದರಿಂದ ಕರಾರು ಹುಟ್ಟುವುದಿಲ್ಲ ಎಂದಿತು.

ಕಾನೂನಿನ ಲೆಕ್ಕ ಅದು. ಅಭಿಮಾನಿಯ ಲೆಕ್ಕ ಬೇರೆ. 2016ರ ಜನವರಿಯಲ್ಲಿ 'ಸೂಸೈಡ್ ಸ್ಕ್ವಾಡ್' ಚಿತ್ರದ ಟ್ರೇಲರ್ ಬಂದಾಗ ಕ್ವೀನ್ ತಂಡದ ಹಳೆಯ ಹಾಡಿನ ತಾಳಕ್ಕೆ ಕೂಡಿಸಿದ ಆ ಚುರುಕು ಎಲ್ಲರಿಗೂ ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ಟ್ರೇಲರ್ ಮಾಡಿದ ಕಂಪನಿಯನ್ನೇ ಕರೆಸಿ ಇಡೀ ಸಿನಿಮಾದ ಒಂದು ಆವೃತ್ತಿಯನ್ನು ಸಂಕಲನ ಮಾಡಿಸಿದರೆಂದು 'ಹಾಲಿವುಡ್ ರಿಪೋರ್ಟರ್' ವರದಿ ಮಾಡಿತು. ಆಗಸ್ಟಿನಲ್ಲಿ ಚಿತ್ರ ಭರ್ಜರಿಯಾಗಿಯೇ ತೆರೆಕಂಡಿತು. ಎರಡನೆಯ ವಾರಾಂತ್ಯಕ್ಕೆ ಅಮೆರಿಕದಲ್ಲಿ ಗಳಿಕೆ ಶೇಕಡಾ 67ರಷ್ಟು ಕುಸಿಯಿತು. ಟ್ರೇಲರ್ ಕೊಟ್ಟ ಮಾತನ್ನು ಸಿನಿಮಾ ಉಳಿಸಿಕೊಳ್ಳದಿದ್ದರೆ ಅದಕ್ಕೆ ದಂಡ ವಸೂಲಾಗುವುದು ಅಲ್ಲಿ. ಮೊದಲ ಶುಕ್ರವಾರದ ಟಿಕೆಟ್ಟನ್ನು ಟ್ರೇಲರ್ ಮಾರಬಲ್ಲದು. ಎರಡನೆಯ ಶುಕ್ರವಾರದ್ದನ್ನು ಸಿನಿಮಾವೇ ಮಾರಿಕೊಳ್ಳಬೇಕು.