ವಯಸ್ಸು ಮತ್ತು ರೋಗನಿರೋಧಕ ಕಣಗಳು: ಹಿರಿಯ ನಾಗರಿಕರ ತಿಳುವಳಿಕೆಗಾಗಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಕೋರುವ ಹಿರಿಯ ನಾಗರಿಕರು ಹಾಗೂ ಅವರ ಕುಟುಂಬದವರ ಉಪಯೋಗಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ವಯಸ್ಕರ ರಕ್ತದಲ್ಲಿ ಬಿಳಿ ರಕ್ತಕಣಗಳ ಸಂಖ್ಯೆಯು ಪ್ರತಿ ಘನ ಮಿಲಿಮೀಟರಿಗೆ ಸುಮಾರು 4,000 ದಿಂದ 11,000 ದವರೆಗೆ ಇದ್ದಲ್ಲಿ ಸಹಜವೆಂದು ಪರಿಗಣಿಸಲಾಗುತ್ತದೆ. ಆರೋಗ್ಯವಂತರಲ್ಲಿ 70 ವರ್ಷಗಳ ನಂತರವೂ ಈ ಸಂಖ್ಯೆ ಬಹುಮಟ್ಟಿಗೆ ಇದೇ ಮಿತಿಯಲ್ಲಿರುತ್ತದೆ. ಆದರೆ ಲೆಕ್ಕಪತ್ರದಲ್ಲಿ ಒಟ್ಟು ಮೊತ್ತ ಬದಲಾಗದೆ ಒಳಗಿನ ಬಾಬುಗಳು ಮಾತ್ರ ಬದಲಾಗುವಂತೆ, ಈ ಕಣಗಳ ಒಳಹಂಚಿಕೆಯು ವಯಸ್ಸಿನೊಂದಿಗೆ ಬದಲಾಗುತ್ತದೆ. ಆದುದರಿಂದ ವರದಿ ಸಹಜವಾಗಿದೆ ಎಂಬ ಕಾರಣಕ್ಕೆ ನಿರೋಧಕ ಶಕ್ತಿಯು ಯೌವನದಲ್ಲಿದ್ದಂತೆಯೇ ಇದೆಯೆಂದು ಭಾವಿಸತಕ್ಕದ್ದಲ್ಲ.

ರೋಗಾಣುಗಳನ್ನು ಗುರುತಿಸಿ ಎದುರಿಸುವ ಟಿ-ಕಣಗಳು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಪಕ್ವಗೊಳ್ಳುತ್ತವೆ. ಈ ಗ್ರಂಥಿಯು ಬಾಲ್ಯದ ನಂತರ ಕ್ರಮೇಣ ಕುಗ್ಗಿ, ಅದರ ಸ್ಥಾನವನ್ನು ಕೊಬ್ಬು ಆಕ್ರಮಿಸುತ್ತದೆ. ಪರಿಣಾಮವಾಗಿ ಹೊಸ ರೋಗಾಣುವನ್ನು ಎದುರಿಸಬಲ್ಲ ಹೊಸ ಕಣಗಳು ಕಡಿಮೆಯಾಗಿ, ಹಳೆಯ ಸೋಂಕುಗಳ ನೆನಪುಳ್ಳ ಕಣಗಳ ಪಾಲು ಹೆಚ್ಚುತ್ತದೆ. ಪ್ರತಿಕಾಯಗಳನ್ನು ತಯಾರಿಸುವ ಬಿ-ಕಣಗಳ ವೈವಿಧ್ಯವೂ ತಗ್ಗುತ್ತದೆ. ಕೋವಿಡ್ ಲಸಿಕೆಯಲ್ಲಿ 60 ವರ್ಷ ಮೀರಿದವರಿಗೆ 2021ರ ಮಾರ್ಚ್ 1 ರಿಂದ ಆದ್ಯತೆ ನೀಡಿ, 2022ರ ಜನವರಿ 10 ರಿಂದ ಮುನ್ನೆಚ್ಚರಿಕೆ ಡೋಸ್ ನೀಡಿದುದಕ್ಕೆ ಇದೂ ಒಂದು ಹಿನ್ನೆಲೆ.

ಈ ಬದಲಾವಣೆ ಕಣ್ಣಿಗೆ ಕಾಣುವಂತೆ ಪ್ರಕಟವಾಗುವುದು ಸರ್ಪಸುತ್ತಿನಲ್ಲಿ. ಬಾಲ್ಯದಲ್ಲಿ ಸೀತಾಳೆ ಸಿಡುಬು ತಂದ ವೈರಾಣು ನರಗಳಲ್ಲಿ ದಶಕಗಳ ಕಾಲ ಸುಪ್ತವಾಗಿದ್ದು, ಟಿ-ಕಣಗಳ ಕಾವಲು ಸಡಿಲಗೊಂಡಾಗ ಮತ್ತೆ ಎಚ್ಚರಗೊಳ್ಳುತ್ತದೆ. ಎದೆ, ಬೆನ್ನು, ಸೊಂಟ ಅಥವಾ ಮುಖದ ಒಂದೇ ಪಾರ್ಶ್ವದಲ್ಲಿ ಉರಿಯೊಂದಿಗೆ ನೀರುಗುಳ್ಳೆಗಳು ಪಟ್ಟಿಯಂತೆ ಏಳುತ್ತವೆ. ಇದಕ್ಕೂ ಹಾವಿಗೂ ಸಂಬಂಧವಿಲ್ಲ. ಕೆಮ್ಮಣ್ಣು ಹಚ್ಚಿಸುವ, ಮಂತ್ರ ಹಾಕಿಸುವ ರೂಢಿಯನ್ನು ಆಕ್ಷೇಪಿಸುವುದು ಇಲ್ಲಿನ ಉದ್ದೇಶವಲ್ಲ. ಆದರೆ ವೈರಾಣು ನಿರೋಧಕ ಮಾತ್ರೆಗಳು ಗುಳ್ಳೆ ಕಾಣಿಸಿಕೊಂಡ 72 ಗಂಟೆಗಳೊಳಗೆ ಆರಂಭವಾದಲ್ಲಿ ಹೆಚ್ಚು ಫಲಕಾರಿ, ಆ ಗಂಟೆಗಳೇ ಹೀಗೆ ವ್ಯರ್ಥವಾಗುತ್ತವೆ. ಗುಳ್ಳೆ ಮಾಗಿದ ಮೇಲೂ ನರನೋವು ತಿಂಗಳುಗಟ್ಟಲೆ ಉಳಿಯಬಹುದು. ಕಣ್ಣಿನ ಸಮೀಪ ಎದ್ದಲ್ಲಿ ಅದೇ ದಿನ ವೈದ್ಯರನ್ನು ಕಾಣತಕ್ಕದ್ದು.

ಕ್ಷಯದ ರೋಗಾಣುವೂ ಇದೇ ರೀತಿ ದೇಹದಲ್ಲಿ ಸುಪ್ತವಾಗಿರಬಲ್ಲದು. ಎರಡು ವಾರ ಮೀರಿದ ಕೆಮ್ಮನ್ನು ವಯೋಸಹಜವೆಂದು ಬಿಡದೆ ಕಫ ಪರೀಕ್ಷೆ ಮಾಡಿಸುವುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಕ್ಷಯ ದೃಢಪಟ್ಟವರಿಗೆ ಚಿಕಿತ್ಸಾ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕಾಗಿ ನಿಕ್ಷಯ್ ಪೋಷಣ್ ಯೋಜನೆಯಡಿ ನೀಡುವ ಮಾಸಿಕ ಸಹಾಯಧನವನ್ನು 2024ರ ನವೆಂಬರ್‌ನಿಂದ ರೂ. 1,000ಕ್ಕೆ ಹೆಚ್ಚಿಸಲಾಗಿದ್ದು, ಹಣವು ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಆದ್ದರಿಂದ ಪಾಸ್‌ಪುಸ್ತಕದ ಪ್ರತಿಯನ್ನು ಜೊತೆಯಲ್ಲಿ ತರುವುದು.

ಜ್ವರ ಬಂದ ಮೇಲೆ ನೋಡೋಣ ಎಂಬ ಧೋರಣೆ ಹಿರಿಯರ ವಿಷಯದಲ್ಲಿ ಅಪಾಯಕಾರಿ. ನ್ಯುಮೋನಿಯಾ ಇದ್ದಾಗಲೂ ಅವರ ಮೈ ಬಿಸಿಯಾಗದಿರಬಹುದು. ಏಕಾಏಕಿ ಮಾತು ತಡವರಿಸುವುದು, ಮಂಕು ಕವಿಯುವುದು, ಊಟ ನಿರಾಕರಿಸುವುದು, ಏದುಸಿರು, ಪದೇ ಪದೇ ಬೀಳುವುದು ಕಂಡುಬಂದಲ್ಲಿ ತಡಮಾಡದೆ ಸಮೀಪದ ಆಸ್ಪತ್ರೆಗೆ ಕರೆತರುವುದು. ವಾಹನ ದೊರೆಯದಿದ್ದಲ್ಲಿ 108ಕ್ಕೆ ಕರೆ ಮಾಡುವುದು. ಆಧಾರ್ ಮತ್ತು ಪಡಿತರ ಚೀಟಿ ಇದ್ದಲ್ಲಿ ತರುವುದು. ಅವುಗಳನ್ನು ಹುಡುಕುತ್ತ ಮನೆಯಲ್ಲಿ ಕಾಲಹರಣ ಮಾಡಬಾರದು.